ವಿಳಾಸ ತಪ್ಪಿ ಬಂದವರು

"ಇವನು ಯಾರು?" ರಿಜಿಸ್ಟರಿನ ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಟೈಮ್‌ಕೀಪರ್ ಕೇಳಿದ.

"ಬರೆದಿದ್ದೀನಲ್ಲ ರೀ. ಸೋಫಾ ರಿಪೇರಿಯವನು. ವಿಳಾಸ ತಪ್ಪಿ ಬಂದಿದ್ದ." ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಹದಿನೈದು?"

"ಮೀನಿನ ತೊಟ್ಟಿ ತೊಳೆಯೋರು. ಇಬ್ಬರು."

"ನಮ್ಮನೇಲಿ ಮೀನೆಲ್ಲಿದೆ?"

"ಅದನ್ನೇ ನಾನೂ ಅವರನ್ನ ಕೇಳಿದೆ."

ಅವನು ಕಾರ್ಖಾನೆಯೊಂದರ ಗೇಟಿನಲ್ಲಿ ಟೈಮ್‌ಕೀಪರ್. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಯಾರು ಎಷ್ಟು ನಿಮಿಷ ತಡ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಹಾಳಾದ್ದು, ಗೇಟಿನಲ್ಲೇ ಉಳಿಯದೆ ಅವನ ಬೆನ್ನು ಹತ್ತಿ ಮನೆಗೂ ಬಂದಿತ್ತು. ಮೊದಮೊದಲು ಹೆಂಡತಿ ಅಂಗಡಿಗೆ ಹೋಗಿಬರುವ ಹೊತ್ತನ್ನು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದ. ಎರಡು ತಿಂಗಳಿಂದ ಕಂಡಕಂಡವರೆಲ್ಲ ಬಂದು ಕರೆಗಂಟೆ ಒತ್ತತೊಡಗಿದ ಮೇಲೆ, ಬಾಗಿಲ ಪಕ್ಕದ ಮೊಳೆಗೆ ಒಂದು ರಿಜಿಸ್ಟರನ್ನೇ ನೇತುಹಾಕಿದ. ಬಂದ ವೇಳೆ, ಹೋದ ವೇಳೆ, ಯಾರು, ಏಕೆ. ತುಂಬುವುದು ಹೆಂಡತಿಯ ಕೆಲಸ, ಪರಿಶೀಲಿಸಿ ಸಹಿ ಹಾಕುವುದು ಅವನದು. ಸಂಸಾರವೆಂದ ಮೇಲೆ ಕೆಲಸ ಹಂಚಿಕೊಳ್ಳಬೇಕಲ್ಲ!

ಅವಳು ಒಮ್ಮೆಯೂ ತಕರಾರು ತೆಗೆಯಲಿಲ್ಲ. ದುಂಡು ಅಕ್ಷರದಲ್ಲಿ, ಒಂದು ಸಾಲೂ ಬಿಡದೆ ಬರೆದಳು. ಅದೇ ಅವನ ಅನುಮಾನವನ್ನು ಹೆಚ್ಚಿಸಿತು. ಕಾರ್ಖಾನೆಯಲ್ಲಿ ಸಿಕ್ಕಿಬಿದ್ದ ಕಳ್ಳರ ಹಾಜರಿಯೂ ಹೀಗೇ ಅಚ್ಚುಕಟ್ಟಾಗಿರುತ್ತಿತ್ತು.

"ಲೋಕಕ್ಕೆಲ್ಲ ನಮ್ಮ ಮನೆಯೇ ಯಾಕೆ ಸಿಗುತ್ತೆ?"

"ನಂಗೇನು ಗೊತ್ತು? ಫೋನ್ ನೋಡ್ಕೊಂಡು ಬರ್ತಾರೆ. ಮ್ಯಾಪು ಇಲ್ಲೇ ಅನ್ನುತ್ತಂತೆ."

"ಮ್ಯಾಪಿಗೆ ನಿನ್ನ ಮೇಲೆ ಅಷ್ಟೊಂದು ಪ್ರೀತಿ!"

"ಯಾರಿಗಾದರೂ ಇರಲಿ ಬಿಡಿ," ಎಂದಳು.

ಅವನ ಬೆರಳು ಕೆಳಗಿಳಿಯಿತು. ಮೂವತ್ತೊಂದು, ನಲವತ್ತು, ನಲವತ್ತಾರು. ಮೂರು ಕಡೆಯೂ ಬರೆದದ್ದು ಒಂದೇ: ಬೋಳುತಲೆಯವರು, ವಿಳಾಸ ತಪ್ಪಿ.

"ಒಬ್ಬನೇ ಮನುಷ್ಯ ಮೂರು ಸಲ ತಪ್ಪುತ್ತಾನಾ? ಅದೂ ಇಪ್ಪತ್ತು ನಿಮಿಷ ಕೂತಿದ್ದಾನೆ!"

"ಮ್ಯಾಪು ಮೂರು ಸಲ ತಪ್ಪಿದರೆ ಪಾಪ ಅವರೇನು ಮಾಡ್ತಾರೆ? ದಾರಿ ವಿಚಾರ ಮಾತಾಡಿದ್ವಿ. ಹೋದರು."

ಮರುದಿನವೇ ಅವನು ರಜೆ ಹಾಕಿ ಮ್ಯಾಪಿನ ಕಚೇರಿಗೆ ನುಗ್ಗಿದ. ರಿಜಿಸ್ಟರೂ ಕಂಕುಳಲ್ಲಿತ್ತು. ಅಲ್ಲಿದ್ದ ಇಂಜಿನಿಯರ್ ಹುಡುಗಿ ಕಂಪ್ಯೂಟರಿನಲ್ಲಿ ಅವನ ಬಡಾವಣೆಯನ್ನು ತೆರೆದಳು.

"ನೋಡಿ ಸಾರ್, ವಿಳಾಸ ಕೊಟ್ಟಾಗ ಮನೆ ನಂಬರ್ ಸಿಗದಿದ್ರೆ ಇದು ಬೀದಿ ತೋರಿಸುತ್ತೆ. ಬೀದಿನೂ ಸಿಗದಿದ್ರೆ ಬಡಾವಣೆಯ ನಟ್ಟನಡುವೆ ಒಂದು ಚುಕ್ಕಿ ಇಡುತ್ತೆ. ನಿಮ್ಮ ಕಡೆ ಹೊಸ ಬೀದಿಗಳು ಇನ್ನೂ ನಮ್ಮ ಪಟ್ಟಿಗೆ ಸೇರಿಲ್ಲ. ಅಲ್ಲಿಗೆ ಹೊರಟೋರಿಗೆಲ್ಲ ಆ ನಡುವಿನ ಚುಕ್ಕಿನೇ ಗತಿ. ಅದು ಸರಿಯಾಗಿ ನಿಮ್ಮ ಬಾಗಿಲ ಮೇಲೆ ಬಿದ್ದಿದೆ."

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನೋಕೆ ಏನು ಧಾಡಿ?"

"ಅದೊಂದು ಇದಕ್ಕೆ ಕಲಿಸಿಲ್ಲ ಸಾರ್. ಗೊತ್ತಿರೋ ಹಾಗೆ ಎಲ್ಲೋ ಒಂದು ಕಡೆ ಬೆರಳು ತೋರಿಸಿಬಿಡುತ್ತೆ."

"ಎಂಥ ದಡ್ಡ ಯಂತ್ರ!" ಎಂದು ಅವನು ಮನಸಾರೆ ನಕ್ಕ. ಎರಡು ತಿಂಗಳಿಂದ ತನಗೆ ಗೊತ್ತಿಲ್ಲದ್ದಕ್ಕೆಲ್ಲ ಹೆಂಡತಿಯ ಕಡೆ ಬೆರಳು ತೋರಿಸಿದ ಬುದ್ಧಿವಂತ.

ಹುಡುಗಿ ಚುಕ್ಕಿಯನ್ನು ಎಳೆದು ಬಡಾವಣೆಯಾಚೆಯ ಖಾಲಿ ಮೈದಾನದ ನಡುವೆ ಬಿಟ್ಟಳು. ಹೊಸ ಬೀದಿಗಳು ಸೇರುವ ತನಕ ದಾರಿ ತಪ್ಪಿದವರೆಲ್ಲ ಅಲ್ಲಿ ಹೋಗಿ ಗಾಳಿ ಸೇವಿಸಲಿ!

ಮನೆಯ ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿ ನಿರಪರಾಧಿ! ನಿಜ ಹೇಳಬೇಕೆಂದರೆ ಅವಳಿಲ್ಲದೆ ಅವನಿಗೆ ಒಂದು ದಿನ ಕಳೆಯುವುದೂ ಆಗದು. ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂಬ ಭಯವೇ ರಿಜಿಸ್ಟರಾಗಿ ಮೊಳೆಗೆ ಜೋತುಬಿದ್ದಿತ್ತು. ಆ ಮಾತನ್ನು ಅವಳಿಗೆ ಹೇಳುವುದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದ್ದ. ಇರಲಿ, ಮಾಡದ ತಪ್ಪಿಗೆ ಅವಳನ್ನು ಕ್ಷಮಿಸಿಬಿಡೋಣ ಎಂದು ತೀರ್ಮಾನಿಸಿದ. ಎಷ್ಟೆಂದರೂ ದೊಡ್ಡ ಮನಸ್ಸು.

"ಚುಕ್ಕಿ ತೆಗೆಸಿದೆ. ಇನ್ನು ಯಾರೂ ಬರಲ್ಲ," ಎಂದು ಸಾರಿದ.

ಬಟ್ಟೆ ಮಡಚುತ್ತಿದ್ದ ಅವಳ ಕೈ ಅರೆಗಳಿಗೆ ನಿಂತಿತು. "ಯಾರೂ?"

"ಒಂದು ನರಪಿಳ್ಳೆಯೂ ಬರಲ್ಲ. ನೋಡ್ತಿರು."

"ಸರಿ," ಎಂದಳು. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೆಂಗಸರಿಗೆ ಉಪಕಾರ ಸ್ಮರಣೆ ಕಡಿಮೆ ಎಂದು ಅವನು ಅದನ್ನೂ ಕ್ಷಮಿಸಿದ.

ಮಾತು ಸುಳ್ಳಾಗಲಿಲ್ಲ. ಸೋಫಾದವನಿಲ್ಲ, ಮೀನಿನವರಿಲ್ಲ, ಕೊರಿಯರಿಲ್ಲ. ಒಂದು ವಾರ ಕರೆಗಂಟೆ ಬಾಯಿ ಬಿಡಲಿಲ್ಲ. ಎಂಟನೆಯ ದಿನ ಅವನು ಹೇಳದೆ ಕೇಳದೆ ಮಧ್ಯಾಹ್ನವೇ ಮನೆಗೆ ಬಂದ. ಪರೀಕ್ಷೆ ಮಾಡಲಿಕ್ಕಲ್ಲ, ಗೆಲುವನ್ನು ಕೂತು ಸವಿಯಲಿಕ್ಕೆ. ಹೆಂಡತಿ ಒಳಕೋಣೆಯ ಕಪಾಟಿನ ಮುಂದೆ ಬಟ್ಟೆ ಜೋಡಿಸುತ್ತಿದ್ದಳು. ಅವನನ್ನು ಕಂಡು ಗೋಡೆಯ ಗಡಿಯಾರ ನೋಡಿದಳು.

ಮೂರೂವರೆಗೆ ಕರೆಗಂಟೆ ಸದ್ದು ಮಾಡಿತು. ಅವಳು ಹೊರಬರುವ ಮೊದಲೇ ಅವನು ಎದ್ದು ಬಾಗಿಲು ತೆರೆದ.

ಬೋಳುತಲೆಯವನು.

ಟೈಮ್‌ಕೀಪರಿಗೆ ನಗು ತಡೆಯಲಾಗಲಿಲ್ಲ. "ಬನ್ನಿ ಸ್ವಾಮಿ, ಬನ್ನಿ! ನಾಲ್ಕನೇ ಸಲ! ಮ್ಯಾಪು ಸರಿ ಮಾಡ್ಸಿದ್ದೀನಿ ಕಣ್ರೀ. ಈಗ ತಪ್ಪಿದರೆ ಮೈದಾನಕ್ಕೆ ಹೋಗಬೇಕು, ಇಲ್ಲಿಗಲ್ಲ!"

"ಯಾವ ಮ್ಯಾಪು ಸಾರ್?" ಬಂದವನು ಗಲಿಬಿಲಿಗೊಂಡು ಎರಡೂ ಖಾಲಿ ಕೈ ತೋರಿಸಿದ. "ನಾನು ಬಾಡಿಗೆ ಮನೆ ಬ್ರೋಕರು. ಈ ಊರಿನ ಒಂದೊಂದು ಬಾಗಿಲೂ ಗೊತ್ತು ನಂಗೆ. ಇಲ್ಲಿಗೇ ಬಂದಿದ್ದು."

"ಇಲ್ಲಿಗೆ ಯಾಕೆ?"

"ಮೇಡಂ ತಾವೊಬ್ಬರೇ ಇರೋಕೆ ಅಂತ ಒಂದು ಕೋಣೆ ಹುಡುಕಿಸಿದ್ರಲ್ಲ ಸಾರ್, ಬೀಗದ ಕೈ ಕೊಟ್ಟು ಹೋಗೋಣ ಅಂತ ಬಂದೆ."