ಅನ್ನದ ಕೈ

ಮೇ ತಿಂಗಳ ಬೆಳಗಿಗೇ ದಾನಾವ್ ಊರಿನ ಬಂದೂಕಿನ ಕುಲುಮೆಯೊಂದರಲ್ಲಿ ಸೆಖೆ ಏರಿತ್ತು. ಗಂಡ ಕ್ರಿಸ್ಪಿನ್‌ನ ಕೈಯಳತೆಗೆ ಅಪ್ಪ ಎಲಿಯಾಸ್ ಮಾಡಿದ ಪುಟ್ಟ ಪಿಸ್ತೂಲನ್ನು ನಿಲ್ಡಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಿಸ್ತೂಲು ಮಾಡಿದವನೇ ಮೊದಲ ಗುಂಡು ಹಾರಿಸಬೇಕು. ಅದು ಆ ಕುಲುಮೆಯ ಕಟ್ಟಳೆ.

“ಬೇಗ ಹೊಡೀರಿ ಮಾವ, ಗುರುವಾರ ಹಡಗಿನ ಕಾವಲಿಗೆ ಹೋಗ್ಬೇಕು. ವಯಸ್ಸಾಗಿ ಕೈ ನಡುಗ್ತಿದ್ಯಾ?” ಪಕ್ಕದಲ್ಲಿ ನಿಂತಿದ್ದ ಕ್ರಿಸ್ಪಿನ್ ಛೇಡಿಸಿದ.

“ಬಾಯ್ಮುಚ್ಕೊಂಡು ಹಿಂದೆ ಸರಿಯೋ.” ಎಲಿಯಾಸ್ ತೆಂಗಿನ ಬೊಡ್ಡೆಗೆ ಗುರಿಯಿಟ್ಟವನು, ಯಾಕೋ ತಡೆದು, ಪಿಸ್ತೂಲನ್ನು ಬಲಗೈಯಿಂದ ಎಡಗೈಗೆ ದಾಟಿಸಿದ.

ನಿಲ್ಡಾ ಒಳಗೆ ಬಂದು ಅವನ ತೋಳು ಹಿಡಿದಳು. ಅಪ್ಪ ಉಕ್ಕು ಉಜ್ಜುವ ಅರ ಹಿಡಿದು ದುಡಿಯುವುದು ಬಲಗೈಯಲ್ಲಿ.

“ಅಪ್ಪಾ, ನಿನ್ನ ಅನ್ನದ ಕೈ ಉಳಿಸ್ಕೊಂಡೆ. ನನ್ನ ಗಂಡನ ಕೈ?”

ಎಲಿಯಾಸ್ ಪಿಸ್ತೂಲು ಇಳಿಸಿದ. “ನಳಿಗೇನ ಒಂದೇ ಉಕ್ಕಲ್ಲಿ ಕೊರೀಬೇಕಿತ್ತು ಕಣವ್ವ. ಅವಸರಕ್ಕೆ ಎರಡು ತುಂಡು ಬೆಸೆದ್ಬಿಟ್ಟೆ. ಕೈಯಲ್ಲೇ ಸಿಡಿದ್ರೂ ಸಿಡೀಬಹುದು.”

ಗುರುವಾರ ಕ್ರಿಸ್ಪಿನ್ ಬರೀ ಲಾಠಿ ಹಿಡಿದು ಹಡಗು ಹತ್ತಿದ.