ಆಯಮ್ಮ ಇಲ್ಲದ ಸೋಮವಾರ

ಸೂಜಿ ಇನ್ನೇನು ಚರ್ಮಕ್ಕೆ ತಾಗಬೇಕು, ಅಜ್ಜಿ ಸರಕ್ಕನೆ ಕೈ ಎಳೆದುಕೊಂಡಳು. “ತಡೀರಪ್ಪ, ಆಯಮ್ಮ ಬರ್ಲಿ. ಅವಳು ಕೈ ಹಿಡ್ಕೊಂಡ್ರೇನೇ ನಂಗೆ ಧೈರ್ಯ.”

“ಆಯಮ್ಮನ್ನ ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಹಾಕಿದ್ದಾರೆ ಅಜ್ಜಿ,” ಎಂದ ಲ್ಯಾಬಿನ ಟೆಕ್ನಿಷಿಯನ್.

“ಅಯ್ಯೋ! ಅವಳನ್ನ ಕಂಡು ಯಾವ ಪುಣ್ಯಾತ್ಮನಿಗೆ ಹೊಟ್ಟೆ ಉರೀತು?”

ಅವನು ಹೊಸ ಹತ್ತಿಗೆ ಸ್ಪಿರಿಟ್ ಹಚ್ಚಿದ. ಭಯಸ್ಥರು ಸೂಜಿ ಚುಚ್ಚುವ ಕೈಯಿಂದಲೇ ಆಯಮ್ಮನ ಕೈಯನ್ನು ಹಿಂಡುತ್ತಿದ್ದರು. ರಕ್ತ ತೆಗೆಯುವ ಕೈಯ ಮುಷ್ಟಿ ಹಾಗೆ ಬಿಗಿದರೆ ವರದಿಯಲ್ಲಿ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಪ್ಪತ್ತಾರು ವರ್ಷ ಒಂದು ವರದಿಯನ್ನೂ ತಪ್ಪು ಕೊಡದ ಅವನೇ ಮೇಲಿನವರಿಗೆ ದೂರು ಬರೆದಿದ್ದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈಗ ಅಜ್ಜಿ ಕಣ್ಣು ಮುಚ್ಚಿ ಬಲಗೈಯನ್ನೇನೋ ಮತ್ತೆ ಮೇಜಿನ ಮೇಲಿಟ್ಟಳು, ಆದರೆ ಎಡಗೈ ಪಕ್ಕದ ಖಾಲಿ ಗಾಳಿಯಲ್ಲಿ ಯಾರನ್ನೋ ತಡಕಾಡುತ್ತಿತ್ತು. ‘ಸೂಜಿ ಚುಚ್ಚದ ಕೈ ಹಿಡ್ಕೊ ಆಯಮ್ಮ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ! ದೂರು ಬರೆಯಲು ಒಂದು ಮಧ್ಯಾಹ್ನವಿಡೀ ಕೂತವನಿಗೆ ಇಷ್ಟು ಹೊಳೆದಿರಲಿಲ್ಲ.

“ನಾನೇ, ಅಜ್ಜಿ. ಅವಳ ಮೇಲೆ ದೂರು ಕೊಟ್ಟವನು ನಾನೇ.”

ಅಜ್ಜಿ ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಬೈಯಲಿಲ್ಲ. ಎಡಗೈಯನ್ನು ಅವನತ್ತ ಚಾಚಿ, “ಹಾಗಿದ್ರೆ ಈಗ ನೀವೇ ಹಿಡ್ಕೊಳ್ಳಿ,” ಎಂದಳು.

ಅವನ ಒಂದು ಕೈಯಲ್ಲಿ ಸಿರಿಂಜ್ ಇತ್ತು, ಇನ್ನೊಂದು ಅವಳ ನರವನ್ನು ಅಲುಗದಂತೆ ಒತ್ತಿ ಹಿಡಿದಿತ್ತು. ಚಾಚಿದ ಆ ಕೈಯನ್ನು ಹಿಡಿಯಲು ಅವನಿಗೆ ಮೂರನೇ ಕೈ ಇರಲಿಲ್ಲ.