ಏಳು ಊರಿನ ಕೋಳಿಗಳು

ಮೂರೇ ಗಂಟೆಯಲ್ಲಿ ನಾಲ್ಕು ಸಾವಿರ ಪುಟ ಬರೆದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅದು ನಾನು. ಬರೆಯುವ ರಭಸಕ್ಕೆ ಪೆನ್ನು ಕೆಂಪಗೆ ಕಾದು, ಪರೀಕ್ಷೆಯ ಮೇಲ್ವಿಚಾರಕರು ಎರಡು ಬಕೆಟ್ ನೀರು ಸುರಿದು ಆರಿಸಬೇಕಾಯಿತು. ನಂಬದಿದ್ದರೆ ಬಿಡಿ, ನಷ್ಟ ನಿಮಗೇ.

ಬರೆದದ್ದು ನನ್ನ ಪರೀಕ್ಷೆಯನ್ನಲ್ಲ. ಕಣ್ಣು ಕಾಣದವರ ಓದಿಗೆ ನೆರವಾಗುವವರು ಬೇಕು ಎಂದು ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಮೂರು ಹಾಳೆ ಅಂಟಿಸಿದ್ದರು. ಒಂದು ವರ್ಷ ಜೊತೆಗಿದ್ದು, ಕೋಲು ಹಿಡಿದು ರಸ್ತೆ ದಾಟುವುದನ್ನು, ಬಸ್ಸು ಹತ್ತುವುದನ್ನು ಕಲಿಸುವವರಿಗೆ ಒಂದು. ವಾರಕ್ಕೆ ಒಂದು ಗಂಟೆ ಪಾಠ ಓದಿ ಹೇಳುವವರಿಗೆ ಇನ್ನೊಂದು. ಒಂದೇ ಒಂದು ದಿನ ಪರೀಕ್ಷೆಯಲ್ಲಿ ಪಕ್ಕ ಕೂತು, ಅವರು ಹೇಳಿದ್ದನ್ನು ಬರೆದುಕೊಡುವವರಿಗೆ ಕೊನೆಯದು. ಮೊದಲ ಹಾಳೆಯಲ್ಲಿ ಎರಡೇ ಹೆಸರಿದ್ದವು. ಆ ಇಬ್ಬರಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ. ನನ್ನ ತಂಗಿ ಎರಡನೆಯದರಲ್ಲಿ ಹೆಸರು ಬರೆದು, ಯಾರಿಗೂ ಹೇಳದೆ ಪ್ರತಿ ಶನಿವಾರ ಹೋಗಿಬರುತ್ತಿದ್ದಳು. ನಾನು ಕೊನೆಯದರಲ್ಲಿ ಬರೆದು ಇಡೀ ಕ್ಯಾಂಟೀನಿಗೆ ಡಂಗುರ ಸಾರಿದೆ.

ನನ್ನ ಪಾಲಿಗೆ ಬಂದವರು ಎಕ್ಸ್‌ಚೇಂಜ್ ಅಕ್ಕ. ತಂಗಿ ಶನಿವಾರ ಓದಿ ಹೇಳುತ್ತಿದ್ದದ್ದೂ ಇವರಿಗೇ. ಹದಿನೆಂಟು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಭೂಗೋಳದ ಈ ಒಂದು ಪತ್ರಿಕೆ ಪಾಸಾದರೆ ಪದವಿ. ಪದವಿ ಸಿಕ್ಕರೆ ಅಂಧ ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ. ಇಲ್ಲವಾದರೆ ಮತ್ತೆ, “ಹಲೋ, ಯಾವ ವಾರ್ಡು ಬೇಕು?”

ಪುಟ್ಟ ಕೋಣೆಯಲ್ಲಿ ನಾವಿಬ್ಬರು, ಬಾಗಿಲ ಬಳಿ ಮೇಲ್ವಿಚಾರಕರು. ಅಕ್ಕ ಕೈಕಟ್ಟಿ ಕೂತು ಅಚ್ಚು ಹಾಕಿದಂತೆ ಉತ್ತರ ಹೇಳುತ್ತಾ ಹೋದರು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಜ್ವಾಲಾಮುಖಿಯ ಪ್ರಶ್ನೆ ಬಂತು. “ಭೂಮಿಯೊಳಗಿನ ಕರಗಿದ ಶಿಲೆ ಬಿರುಕುಗಳ ಮೂಲಕ ಹೊರಗೆ ಬರುತ್ತದೆ,” ಎಂದರು. ಇಷ್ಟೇನಾ? ಜ್ವಾಲಾಮುಖಿಗೂ ಇಷ್ಟು ಬಡತನವೇ? ನನ್ನ ಕೈ ಕಡಿಯತೊಡಗಿತು. ‘ಆಗ ಆಕಾಶವೇ ಬೆವರುತ್ತದೆ. ಏಳು ಊರಿನ ಕೋಳಿಗಳು ಗೂಡಿನಲ್ಲೇ ಹುರಿದುಹೋಗುತ್ತವೆ’ ಎಂದು ಬಾಲ ಸೇರಿಸಿದೆ.

ಅಕ್ಕ ತಲೆ ಓರೆ ಮಾಡಿದರು. “ನಾನು ಹೇಳಿದ್ದು ಒಂದು ವಾಕ್ಯ. ಪೆನ್ನು ಮೂರು ವಾಕ್ಯದಷ್ಟು ಓಡ್ತಲ್ಲ, ತಮ್ಮಾ? ಓದು ನೋಡೋಣ.”

ಓದಿದೆ, ಕೋಳಿಗಳ ಸಮೇತ.

“ಕೋಳಿ ಎಲ್ಲಿಂದ ಬಂತಪ್ಪಾ?”

“ಉತ್ತರ ಸ್ವಲ್ಪ ಕಳೆಕಟ್ಟಲಿ ಅಂತ, ಅಕ್ಕಾ. ಮಾರ್ಕ್ಸ್ ಜಾಸ್ತಿ ಬರುತ್ತೆ.”

“ಬಂದ್ರೆ ಅದು ಕೋಳಿಗಳ ಮಾರ್ಕ್ಸು, ನನ್ನದಲ್ಲ. ಹೊಡೆದುಹಾಕು. ಇನ್ನು ಮೊದಲನೇ ಪುಟದಿಂದ ಓದು.”

ಮೊದಲನೇ ಪುಟದಲ್ಲೊಂದು ತಿಮಿಂಗಿಲವಿತ್ತು. ಮೂರನೆಯದರಲ್ಲಿ ಬಿರುಗಾಳಿಗೆ ಹಾರಿಹೋದ ಆನೆ. ಎಲ್ಲವನ್ನೂ ಓದಿ, ಎಲ್ಲವನ್ನೂ ಹೊಡೆದುಹಾಕುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಕೊನೆಯ ಎರಡು ಉತ್ತರ ಅಕ್ಕನ ಬಾಯಲ್ಲೇ ಉಳಿದವು; ಗಂಟೆ ಬಾರಿಸಿಬಿಟ್ಟರು. ಮೂರು ಅಂಕದಲ್ಲಿ ಫೇಲಾದರು. ಮತ್ತೆ ಅದೇ, “ಹಲೋ, ಯಾವ ವಾರ್ಡು ಬೇಕು?”

ಆರು ತಿಂಗಳಿಗೆ ಮತ್ತೆ ಪರೀಕ್ಷೆ. ತಂಗಿ ಬಂದು, “ಅಕ್ಕ ನಿನ್ನನ್ನೇ ಕರ್ಕೊಂಡು ಬಾ ಅಂದ್ರು ಕಣೋ ಅಣ್ಣಾ. ಅವರಿಗೆ ತಲೆ ಕೆಟ್ಟಿರಬೇಕು,” ಎಂದಳು.

ಪರೀಕ್ಷೆಯ ಕೋಣೆ ತೆರೆಯುವ ಮುನ್ನ ಬೆಂಚಿನ ಮೇಲೆ ಕೂತಿದ್ದಾಗ ಕೇಳಿಯೇಬಿಟ್ಟೆ: “ಬೇರೆ ಯಾರೂ ಸಿಗಲಿಲ್ವಾ, ಅಕ್ಕಾ?”

“ಬರೆಯೋ ಕೈ ಬೇಕಾದಷ್ಟು ಸಿಗ್ತವೆ. ಆವತ್ತು ಓದು ಅಂದಾಗ ಕೋಳಿ ಬಿಟ್ಟು ಬೇರೇನೋ ಓದಿ ದಾಟಿಸಿದ್ರೆ ನನಗೇನು ಕಾಣ್ತಿತ್ತು? ನೀನು ಒಂದನ್ನೂ ಮುಚ್ಚಿಡಲಿಲ್ಲ.”

ನನ್ನ ಎದೆ ಉಬ್ಬಿ ಅಂಗಿಯ ಐದೂ ಗುಂಡಿ ಹಾರಿಹೋದವು. ಸತ್ಯ ಅನ್ನೋದು ನಮ್ಮ ವಂಶದ ರಕ್ತದಲ್ಲೇ ಇದೆ ಎನ್ನಲು ಬಾಯಿ ತೆರೆದೆ. ಅಕ್ಕ ತಲೆ ಓರೆ ಮಾಡಿ ಕಾಯುತ್ತಿದ್ದರು, ಪೆನ್ನಿನ ಸದ್ದು ಕೇಳಿಸಿಕೊಳ್ಳುವ ಹಾಗೆ. ಬಾಯಿ ತಾನಾಗಿಯೇ ಬೇರೆ ಮಾತಾಡಿತು.

“ಅಕ್ಕಾ... ಸತ್ಯ ಹೇಳಬೇಕು ಅಂತ ಓದಿದ್ದಲ್ಲ. ಕೋಳಿ ಚೆನ್ನಾಗಿದೆ ಅಂತ ನೀವು ಹೊಗಳ್ತೀರೇನೋ ಅಂತ ಓದಿದೆ.”

“ಗೊತ್ತು ಬಾರೋ,” ಅಕ್ಕ ನಕ್ಕು ಎದ್ದರು. “ಹೇಳ್ತೀಯಾ ಇಲ್ವಾ ಅಂತ ನೋಡ್ತಿದ್ದೆ.”

ಈಗ ಅವರು ಟೀಚರು. ನಾನು ಮೂರನೇ ಹಾಳೆಯಿಂದ ಎರಡನೆಯದಕ್ಕೆ ಬಡ್ತಿ ಪಡೆದು, ಪ್ರತಿ ಶನಿವಾರ ಅವರ ಶಾಲೆಯ ಮಕ್ಕಳಿಗೆ ಪಾಠ ಓದಿ ಹೇಳುತ್ತೇನೆ. ಮೊನ್ನೆ ಈ ಕಥೆಯನ್ನೂ ಮೊದಲು ಅವರಿಗೇ ಓದಿದೆ. ಮೊದಲ ಸಾಲಿಗೇ ತಲೆ ಓರೆಯಾಯಿತು.

“ಎರಡು ಬಕೆಟ್ ನೀರಾ?”

“ಒಂದು ಲೋಟ, ಅಕ್ಕಾ. ಮೇಲ್ವಿಚಾರಕರೇ ಕುಡಿದ್ರು.”

“ನಾನು ಪಾಸಾದ ದಿನ ನೀನು ಬರೆದಿದ್ದು ಎಷ್ಟು ಪುಟ?”

“ಇಪ್ಪತ್ತೆರಡು.”

“ಅದರಲ್ಲಿ ನಿನ್ನದು?”

“ಒಂದಕ್ಷರವೂ ಇಲ್ಲ, ಅಕ್ಕಾ.”